ಎಡಕ್ಕ ಕೆಳಗಿನ ಮೂಲಿ

ಶಹಾಬಾದ ಸ್ಟೇಷನ್ನಿನ ಎದುರು
ಎಂಟಡಿ ಅಂಗಡಿ. ಒಂದು ಕಂಪ್ಯೂಟರು,
ಎರಡು ಪ್ರಿಂಟರು, ಅದರಾಗೊಂದಕ್ಕ ಸದಾ ಮುನಿಸು.
ಕೀಬೋರ್ಡಿನ ಮ್ಯಾಲ ಕಲ್ಲಿನ ಧೂಳು.
ಒರೆಸಿ ಒರೆಸಿ
ಎಸ್ಕೇಪ್ ಗುಂಡಿಯ ಹೆಸರೇ ಅಳಿಸಿ ಹೋಗ್ಯದ.

ಮೂಲಿ ಬಗ್ಗಿಸೂದು ಭಾಳ ಸಲೀಸು.
ಚೌಕ ಬರಿ, ಶೇಪ್ ಟೂಲ್ ಹಿಡಿ,
ತುದಿಯ ಕರಿ ಚುಕ್ಕಿ ಒಂಚೂರು ಎಳಿ.
ಒಂದು ಬಗ್ಗಿದರ ಸಾಕು, ಉಳಿದ ಮೂರೂ
ಮೇಸ್ತ್ರಿ ಕಣ್ಣು ಬಿದ್ದ ಆಳಿನಂಗ
ಜೊತಿಗೇ ಬಗ್ಗತಾವ.
ಅದರೊಳಗ ಫೋಟೋ ಇಳಿಬಿಟ್ರ
ಫೋಟೋನೂ ಗೋಲಾಗಿ ಕೂಡ್ತದ.
ಲಗ್ನದ ಕಾರ್ಡು, ಸಾಲಿ ಐಡಿ, ಹಾಲಿನ ಡೈರಿ ಬೋರ್ಡು,
ಈಗ ಎಲ್ಲಾರಿಗೂ ಗೋಲೇ ಬೇಕು.
ಚೂಪಿದ್ರ ಹಳೇದು ಕಾಣ್ತದಂತ.

ನಮ್ಮಪ್ಪ ಇದೇ ಕೆಲಸ ಪರ್ಸಿಯೊಳಗ ಮಾಡ್ತಿದ್ದ.
ಪಾವಟಿಗಿ ಕಲ್ಲಿನ ತುದಿಗೆ ನೀರು ಬಿಟ್ಟು ಉಜ್ಜಿ,
ದಿನಾ ಮೂರು ಕಲ್ಲು, ಹೆಚ್ಚಂದ್ರ ನಾಕು.
"ಕೂಸು ಬಿದ್ರ ಹಣಿ ಒಡಿಬಾರ್ದು,
ಅಷ್ಟು ಗೋಲ ಸಾಕು. ಇನ್ನೂ ಉಜ್ಜಿದ್ರ
ಕಾಲು ಜಾರ್ತದ."
ಅವನ ಅಳತಿ ಅದೇ. ಮಿಲಿಮೀಟರು ಅವಗ ಗೊತ್ತಿರಲಿಲ್ಲ.
ಒಂದು ಚಕ್ಕಿ ಹೆಚ್ಚು ಎದ್ರ ಕಲ್ಲು ದಂಡ,
ಕೂಲಿಯೊಳಗ ಮುರಕೊಂತಿದ್ರು.
ನಾ ಕಂಟ್ರೋಲ್ ಝಡ್ ಒತ್ತಿದಾಗೆಲ್ಲ
ಅವ ಬಾಗಲದಾಗ ಕೂತು ನನ್ನ ಬೆರಳು ನೋಡ್ತಾನ.
ಅವನ ಬೆರಳಿಗೆ ಗೆರಿ ಉಳಿದಿಲ್ಲ.
ರೇಷನ್ ಅಂಗಡಿ ಮಷೀನು
ಆರು ಸಲ ಇಡಿಸಿಕೊಂಡು, ಯಾರು ನೀನು ಅಂತದ.

ಮೊನ್ನೆ ಪೀರಪ್ಪ ಮುತ್ಯಾ ಬಂದ.
ಪ್ಲಾಸ್ಟಿಕ್ ಚೀಲದಾಗ ಒಂದು ಫೋಟೋ.
ಖಣಿ ತಳದಾಗ ಹನ್ನೊಂದು ಮಂದಿ,
ಮಾಸಿದ ಪಟಗಾ, ಕೈಯಾಗ ಸುತಗಿ.
ಹಿಂದ ಕಲ್ಲಿನ ಪದರು ಪದರು
ರೊಟ್ಟಿ ಒಟ್ಟಿಟ್ಟಂಗ.
"ಇದ್ದವರಿಗೆಲ್ಲ ಒಂದೊಂದು ಕಾರ್ಡು ಮಾಡವ್ವಾ,
ಅಂಗಿ ಕಿಸೆದಾಗ ಹಿಡಿಯೂವಷ್ಟು.
ಇಲ್ಲದವರ ಮನೀಗೂ."
ಸ್ಕ್ಯಾನ್ ಮಾಡಿದೆ. ಚೌಕ. ಚುಕ್ಕಿ. ಎಳೆದೆ.
ನಾಕೂ ಮೂಲಿ ಚಂದಾಗಿ ಬಗ್ಗಿದ್ವು.

ಮುತ್ಯಾ ಚಸ್ಮಾ ಏರಿಸಿ, ಸ್ಕ್ರೀನಿಗೆ ಮೂಗು ಹಚ್ಚಿ,
"ಹುಡುಗ ಎಲ್ಲಿ?" ಅಂದ.
ಯಾವ ಹುಡುಗ?
ಎಡಕ್ಕ ಕೆಳಗ, ಅಂಚಿಗೆ ಅಂಟಿ,
ನೀರಿನ ಕೊಡಪಾನದ ಹಿಂದ
ಅರ್ಧ ಮಾರಿ, ಒಂದು ಕಿವಿ.
ಮೂಲಿ ಜೊತಿಗೆ ಹೋಗಿದ್ದ.
"ಯಾರ ಮಗ ಮುತ್ಯಾ?"
"ನೆಪ್ಪಿಲ್ಲವ್ವ. ನೀರು ಕೊಡತಿದ್ದ.
ಯಾರಿಗೂ ನೆಪ್ಪಿಲ್ಲ, ಎಲ್ಲಾರಿಗೂ ಕೇಳೀನಿ."
"ಹೋಗಿಲ್ಲ, ಒಳಗೇ ಇದ್ದಾನ" ಅಂದೆ,
"ಕತ್ತರಿಸಿಲ್ಲ, ಮುಚ್ಚೀನಿ ಅಷ್ಟೇ."
"ಮುಚ್ಚಿದ್ರ ಕಾರ್ಡಿನಾಗ ಬರ್ತಾನೇನು?"

ಫೋಟೋ ಸಣ್ಣದು ಮಾಡಿ ನೋಡಿದೆ,
ಮಂದಿ ಮಾರಿ ಅಕ್ಕಿಕಾಳಾದ್ವು.
ಕೊನಿಗೆ ಬೀಗದ ಚಿತ್ರ ಒತ್ತಿದೆ.
ನಾಕೂ ಮೂಲಿಯ ಜೋಡಿ ಬಿಟ್ಟಿತು.
ಮೂರಕ್ಕ ಐದು ಮಿಲಿಮೀಟರು.
ಎಡಕ್ಕ ಕೆಳಗಿನದಕ್ಕ ಸೊನ್ನಿ.
ಕಿವಿ ಬಂತು. ಅರ್ಧ ಮಾರಿ ಬಂತು.
ಬರಿಗಾಲಿನ ಒಂದು ಹಿಮ್ಮಡಿ,
ಮೊದಲು ನಾನೂ ನೋಡಿರಲಿಲ್ಲ.

ಡಿಸೈನ್ ಅಂತ ನೋಡಿದ್ರ ಸೊಟ್ಟ ಡಿಸೈನು.
"ಇದೊಂದು ಮರೆತೀಯೇನವ್ವ?" ಅಂತ
ಝೆರಾಕ್ಸಿಗೆ ಬಂದವನೊಬ್ಬ ನಕ್ಕ.
ಲ್ಯಾಮಿನೇಷನ್ ಆದಮ್ಯಾಲ ಪಂಚ್ ಮಷೀನಿಗೆ
ಒಂದೊಂದು ಕಾರ್ಡಿನ ಮೂರೇ ಮೂಲಿ ಕೊಟ್ಟೆ.
ಕೈಗೆ ನಾಕರ ರೂಢಿ, ಎರಡು ಕಾರ್ಡು ಹಾಳಾದ್ವು.
ಡ್ರಾಯರಿನಾಗ ಇನ್ನೂ ಅವ, ಒಗಿಯಾಕ ಆಗಿಲ್ಲ.

ಅಪ್ಪ ಒಂದು ಕಾರ್ಡು ಎತ್ತಿಕೊಂಡು
ಗೆರಿ ಇಲ್ಲದ ಹೆಬ್ಬೆಟ್ಟಿಲೆ ಸುತ್ತ ಸವರಿದ.
ಗೋಲ. ಗೋಲ. ಗೋಲ.
ಥಟ್ಟನ ನಿಂತ.
"ಇಲ್ಲಿ ಚುಚ್ತದಲ್ಲ" ಅಂದ.
ಹೂಂ ಅಂದೆ.
ತಿರುಗಿ ಅಲ್ಲೇ
ಒತ್ತಿ ನೋಡಿಕೊಂಡ.